ಕತ್ತರಿ ಅಕ್ಕ ಹೊಲಿದ ಮಾತು

ಕರೆಂಟ್ ಬಿಲ್ಲಿನ ಮೇಲೆ ಅವಳಿಗೊಂದು ಹೆಸರಿತ್ತು. ಅದನ್ನು ಓದುತ್ತಿದ್ದವನು ಬಿಲ್ ಕೊಡಲು ಬರುವವನೊಬ್ಬನೇ. ಉಳಿದ ಲೋಕಕ್ಕೆಲ್ಲ ಅವಳು ಕತ್ತರಿ ಅಕ್ಕ. ಇಂಟರ್‌ನೆಟ್ಟಿನಲ್ಲಿ ವಿಡಿಯೋ ಎಡಿಟಿಂಗ್ ಕಲಿಯಲು ಹೊರಟವರು, ಕಲಿತು ಅರ್ಧದಲ್ಲಿ ಸಿಕ್ಕಿಬಿದ್ದವರು, ನಾಳೆ ಕೆಲಸ ಒಪ್ಪಿಸಬೇಕು ಎಂದು ಕೈಕೈ ಹಿಸುಕಿಕೊಳ್ಳುವವರು, ಎಲ್ಲರೂ ಕಡೆಗೆ ಬಂದು ಬೀಳುತ್ತಿದ್ದದ್ದು ಅವಳ ಪುಟಕ್ಕೆ. ಅಲ್ಲಿ ಅವಳ ಪಾಠಗಳಿದ್ದವು. ಪುಕ್ಕಟೆಯಾಗಿ ತೆಗೆದುಕೊಳ್ಳಬಹುದಾದ ಸದ್ದುಗಳ ದೊಡ್ಡ ಗಂಟೇ ಇತ್ತು: ಬಾಗಿಲು ಹಾಕುವ ಸದ್ದು, ತಟ್ಟೆ ಬೀಳುವ ಸದ್ದು, ಜಲ್ಲಿಯ ಮೇಲೆ ಯಾರೋ ನಡೆಯುವ ಸದ್ದು. ಕೆಳಗೆ ಪ್ರಶ್ನೆ ಕೇಳುವ ಜಾಗ. ಯಾರು ಏನು ಕೇಳಿದರೂ ಅಕ್ಕ ಉತ್ತರ ಕೊಡದೆ ಬಿಟ್ಟವಳಲ್ಲ, ಅದೊಂದು ಚಟ.

ಈ ವಿದ್ಯೆ ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಹರೆಯದಲ್ಲಿ ಮದುವೆ ವಿಡಿಯೋ ತೆಗೆಯುವ ಅಂಗಡಿಯೊಂದರಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದಳು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿ ಎಡಿಟ್ ಮಾಡುತ್ತಿದ್ದ ಕಾಲ ಅದು. ಯಜಮಾನ ಊಟಕ್ಕೆ ಹೋದಾಗ ಕುರ್ಚಿಯಲ್ಲಿ ಕೂತು ನೋಡಿದಳು, ಆಮೇಲೆ ಗುಂಡಿ ಒತ್ತಿ ನೋಡಿದಳು, ಆಮೇಲೆ ಯಜಮಾನನೇ ಅವಳನ್ನು ಕೇಳುವ ಹಾಗಾಯಿತು. ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರ್ ಬಂತು, ಇಂಟರ್‌ನೆಟ್ ಬಂತು. ಎಲ್ಲೆಲ್ಲಿಯವರೋ ಇಂಗ್ಲಿಷಿನಲ್ಲಿ ಗಡಗಡ ಪಾಠ ಹೇಳುತ್ತಿದ್ದರು. ಒಂದೊಂದು ವಾಕ್ಯವನ್ನೂ ನಿಲ್ಲಿಸಿ ನಿಲ್ಲಿಸಿ, ಡಿಕ್ಷನರಿ ನೋಡಿ ನೋಡಿ ಕಲಿತಳು. ಕಲಿತ ಮೇಲೆ, ‘ನನ್ನ ಹಾಗೆ ಇನ್ನೊಬ್ಬರು ಯಾಕೆ ಒದ್ದಾಡಬೇಕು’ ಎಂದು ತನ್ನ ಭಾಷೆಯಲ್ಲಿ ತಾನೇ ಪಾಠ ಶುರುಮಾಡಿದಳು. ಒಳ್ಳೆಯ ಮನಸ್ಸೇ. ಆದರೆ ಒಳ್ಳೆಯ ಮನಸ್ಸಿನ ಪಕ್ಕದಲ್ಲೇ ಹೊಗಳಿಕೆಗೂ ಒಂದು ಕುರ್ಚಿ ಹಾಕಿಟ್ಟಿದ್ದಳು ಎನ್ನುವುದನ್ನೂ ಹೇಳಬೇಕು.

ಅವಳಿದ್ದದ್ದು ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ. ಕಿಟಕಿಗೆ ಎರಡು ಪದರ ಪರದೆ, ಗೋಡೆಗೆ ಹಳೆಯ ಕಂಬಳಿ, ಸದ್ದು ಗುಂಯ್‌ಗುಡಬಾರದು ಎಂದು. ಕೆಳಗೆ ತಮ್ಮ, ಅವನ ಹೆಂಡತಿ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದವನು. ಅವನಿಗೆ ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕ ಕೂತಿದ್ದು, ಐಸ್ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ದಿನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಿದ್ದು ಎಲ್ಲ ಅವಳೇ. ತಾನು ಮದುವೆಯಾಗುವುದನ್ನು ಮರೆತೇಬಿಟ್ಟಳು ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ತಮ್ಮನೋ, ಹಾಲಿನಂಥ ಮನುಷ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳ ಅಂತಾರಲ್ಲ, ಇವನು ಕದಿಯದೆಯೇ ಮುಟ್ಟಿ ನೋಡಿಕೊಳ್ಳುವ ಪೈಕಿ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಗಾಜು ಯಾರು ಒಡೆದರೂ, ಜೋರಾಗಿ ಕೇಳಿದರೆ ‘ನಾನೇ ಇರಬೇಕು’ ಎಂದು ಅಳುತ್ತಿದ್ದ. ಆಗೆಲ್ಲ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿಯುತ್ತಿದ್ದಳು.

ಅಕ್ಕನ ಪಾಠಗಳಲ್ಲೆಲ್ಲ ಹೆಸರಾದದ್ದು ಮಾತಿನ ಹೊಲಿಗೆ. ಅದು ಹುಟ್ಟಿದ್ದು ಒಳ್ಳೆಯ ಕೆಲಸಕ್ಕೇ. ಒಂದು ಮದುವೆಯಲ್ಲಿ ಹುಡುಗಿಯ ಅಜ್ಜ ಕ್ಯಾಮೆರಾ ಮುಂದೆ ಎರಡು ಒಳ್ಳೆಯ ಮಾತು ಹೇಳಲು ಹೋಗಿ, ಕೆಮ್ಮಿ, ತೊದಲಿ, ಒಂದು ವಾಕ್ಯವನ್ನೂ ಪೂರಾ ಮುಗಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಅಜ್ಜ ಹೋಗಿಬಿಟ್ಟರು. ಅಕ್ಕ ಆ ಚೂರುಪಾರು ಮಾತುಗಳನ್ನೆಲ್ಲ ಆರಿಸಿ, ಇಲ್ಲಿಯ ಒಂದು ಪದ ಅಲ್ಲಿಗಿಟ್ಟು, ಅಜ್ಜ ನಿರರ್ಗಳವಾಗಿ ಹರಸುವ ಹಾಗೆ ಮಾಡಿಕೊಟ್ಟಳು. ಮನೆಮಂದಿ ಕೂತು ಕಣ್ಣೀರು ಹಾಕಿದರು. ಒಬ್ಬರಿಗೂ ಅನುಮಾನ ಬರಲಿಲ್ಲ.

ಪದ ಅಂಟಿಸುವುದು ದೊಡ್ಡದಲ್ಲ, ಅಂಟಿಸಿದ್ದು ಕೇಳದ ಹಾಗೆ ಮಾಡುವುದು ದೊಡ್ಡದು. ಅಕ್ಕ ಪಾಠದಲ್ಲಿ ಹೇಳುತ್ತಿದ್ದಳು: ‘ಯಾವ ಕೋಣೆಯೂ ಸುಮ್ಮನಿರಲ್ಲ. ಎಲ್ಲರೂ ಬಾಯಿ ಮುಚ್ಚಿದ್ರೂ ಫ್ಯಾನೋ ಫ್ರಿಜ್ಜೋ ಬೀದಿಯೋ ಏನೋ ಒಂದು ಗುಂಯ್ ಅಂತಿರುತ್ತೆ. ಮಾತು ಕತ್ತರಿಸಿದಾಗ ಆ ಗುಂಯ್ ಕೂಡ ತುಂಡಾಗುತ್ತೆ. ಕೇಳೋರಿಗೆ ಗೊತ್ತಾಗೋದೇ ಅಲ್ಲಿ. ಅದಕ್ಕೇ ಮೊದಲು ಕೋಣೆಯ ಮೌನ ಹಿಡಿದಿಟ್ಕೊಳ್ಳಿ, ಆಮೇಲೆ ಅದನ್ನ ಮಾತಿನ ಕೆಳಗೆ ಜಮಖಾನದ ಥರ ಹಾಸಿ. ಕತ್ತರಿಸಿದ ಕಡೆ ಚಿತ್ರ ಎಗರಿದ್ದು ಕಣ್ಣಿಗೆ ಕಾಣುತ್ತಲ್ಲ, ಅಲ್ಲಿ ಮುಖದ ಬದಲು ಮಾತಾಡೋರ ಕೈ ತೋರಿಸಿ. ಮುಗೀತು.’ ಸಾವಿರಾರು ಜನ ಅದನ್ನು ನೋಡಿದರು. ಸಾವಿರಾರು ಜನ ಯಾರು, ಯಾವ ಕೋಣೆಯಲ್ಲಿ ಕೂತು, ಯಾರ ಮಾತನ್ನು ಮುಂದಿಟ್ಟುಕೊಂಡು ನೋಡುತ್ತಿದ್ದಾರೆ ಎಂದು ಅವಳು ಯೋಚಿಸಲಿಲ್ಲ. ಪಾಠ ಹೇಳುವವರು ಯೋಚಿಸುವುದೂ ಇಲ್ಲ.

ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯ ಸೋರಿದ್ದು ಆಮೇಲೆ. ಮೆಷಿನ್ ರೂಮಿನ ಒಂದು ವಾಲ್ವು ಬಿಟ್ಟುಕೊಂಡು, ಕ್ಷಣದಲ್ಲಿ ಕೋಣೆಯೆಲ್ಲ ಗ್ಯಾಸು ತುಂಬಿತು. ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಉದ್ದಣ್ಣ, ಆಳೆತ್ತರವನ್ನೂ ಮೀರಿ ಬೆಳೆದಿದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು, ಒಳಗೇ ಸತ್ತ. ತಮ್ಮ ಬಾಗಿಲ ಬಳಿ ಬಿದ್ದಿದ್ದರಿಂದ ಬದುಕಿಕೊಂಡ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನು ಮೊದಲು ಕೇಳಿದ್ದು ಉದ್ದಣ್ಣನನ್ನು. ಎರಡನೆಯದಾಗಿ ಹೇಳಿದ್ದು ಇದು:

“ಅಕ್ಕಾ, ಬೆಳಿಗ್ಗೆನೇ ಹೇಳಿದ್ದೆ ಕಣೇ ಮ್ಯಾನೇಜರಿಗೆ. ವಾಲ್ವ್ ಸೋರ್ತಿದೆ ಸಾರ್, ಮೆಷಿನ್ ನಿಲ್ಲಿಸೋಣ ಅಂತ. ಈ ಲೋಡ್ ಹೋಗ್ಲಿ, ಆಮೇಲೆ ನೋಡೋಣ ಅಂದ್ರು. ಉದ್ದಣ್ಣನೂ ಪಕ್ಕದಲ್ಲೇ ಇದ್ದ.”

“ಆಯ್ತು, ಈಗ ಮಾತಾಡ್ಬೇಡ. ಕೆಮ್ಮು ಬರುತ್ತೆ,” ಎಂದಳು ಅಕ್ಕ.

ಮ್ಯಾನೇಜರು ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದ. ಅದಕ್ಕೆ ವಿಚಾರಣೆ ನೇಮಕವಾಯಿತು. ಹೇಳಿದ್ದನ್ನು ಕೇಳಿಸಿಕೊಂಡಿದ್ದ ಇನ್ನೊಬ್ಬ ಮಣ್ಣಿನಲ್ಲಿದ್ದ. ಇನ್ನು ಉಳಿದದ್ದು ತಮ್ಮನ ಬಾಯಿಮಾತು ಒಂದೇ. ಅದು ನಿಂತರೆ ತಮ್ಮ ನಿಲ್ಲುತ್ತಾನೆ, ಅದು ಬಿದ್ದರೆ ಗೊತ್ತಿದ್ದೂ ಮೆಷಿನ್ ಓಡಿಸಿ ಗೆಳೆಯನನ್ನು ಕೊಂದವನು ಎಂದು ಜೈಲಿಗೆ ಹೋಗುತ್ತಾನೆ. ಇಷ್ಟು ಸರಳವಾದ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಅರ್ಥವಾಗಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಫ್ಯಾಕ್ಟರಿಯಿಂದ ಕಾರು ಬಂತು. ಇನ್ಶೂರೆನ್ಸಿಗೆ ನಾಲ್ಕು ಮಾತು ಬೇಕಂತೆ ಎಂದು ತಮ್ಮ ಹತ್ತಿಕೊಂಡು ಹೋದ. ಅಕ್ಕ ಆಗ ಔಷಧಿ ಅಂಗಡಿಯಲ್ಲಿದ್ದಳು. ಅವನು ವಾಪಸ್ಸು ಬಂದ ಮೇಲೆ ಕೇಳಿದಳು, “ಏನು ಕೇಳಿದ್ರೋ?”

“ಎಲ್ಲಾ ಕೇಳಿದ್ರು. ಆಫೀಸ್ ರೂಮಲ್ಲಿ ಕೂರಿಸಿ ಕ್ಯಾಮೆರಾ ಇಟ್ಟಿದ್ರು. ನಾನೂ ಎಲ್ಲಾ ಹೇಳ್ದೆ. ಮ್ಯಾನೇಜರಿಗೆ ಹೇಳಿದ್ದು, ಆಮೇಲೆ ಎದೆ ಉರೀತಿದ್ದಿದ್ದು, ಎಲ್ಲಾ. ಪಾಪ, ಮರ್ಯಾದೆಯಿಂದ ಮಾತಾಡ್ಸಿದ್ರು. ಕಾಫಿ ಕೊಟ್ರು.”

ಕಾಫಿ ಕೊಟ್ಟರು ಎಂದಾಗಲೇ ಅಕ್ಕನಿಗೆ ಏನೋ ಸರಿಯಿಲ್ಲ ಅನಿಸಿತ್ತು. ಆದರೆ ತಮ್ಮನ ಮುಖದಲ್ಲಿ ಬಹಳ ದಿನದ ಮೇಲೆ ಸ್ವಲ್ಪ ಗೆಲುವು ಕಂಡಿತ್ತು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಅದೇ ದಿನಗಳಲ್ಲಿ ಅವಳ ಪುಟದಲ್ಲಿ ಹೊಸ ಶಿಷ್ಯನೊಬ್ಬ ಅಂಟಿಕೊಂಡಿದ್ದ. ಫೋಟೋ ಇರಬೇಕಾದ ಕಡೆ ಖಾಲಿ ವೃತ್ತ. ಉಳಿದವರೆಲ್ಲ ಅಕ್ಕ ಎಂದರೆ ಇವನು ‘ಗುರುಗಳೇ’ ಎಂದು ಬರೆಯುತ್ತಿದ್ದ. ಪ್ರಶ್ನೆಗಳನ್ನು ಎಲ್ಲರೂ ಓದುವ ಜಾಗದಲ್ಲಿ ಹಾಕದೆ ಅವಳಿಗೊಬ್ಬಳಿಗೇ ಕಳಿಸುತ್ತಿದ್ದ. ಮೊದಮೊದಲು ಸಣ್ಣಪುಟ್ಟವು. ಆಮೇಲೆ ಕೇಳಿದ: ‘ಗುರುಗಳೇ, ಒಬ್ಬರು ಮಾತಾಡುವಾಗ ಹಿಂದೆ ಮೆಷಿನ್ ಸದ್ದು ಇದೆ. ಕತ್ತರಿಸಿದ ಕಡೆ ಸದ್ದು ಎಗರುತ್ತದೆ. ನಿಮ್ಮ ಪಾಠದಂತೆ ಎಲ್ಲ ಮಾಡಿದೆ, ಆದರೂ ಬರುತ್ತಿಲ್ಲ. ನಿಮ್ಮ ಕೈಯಲ್ಲಲ್ಲದೆ ಬೇರೆಯವರಿಂದ ಆಗುವುದಿಲ್ಲ.’

‘ಕ್ಲಿಪ್ ಕಳಿಸಿ ನೋಡೋಣ,’ ಎಂದು ಬರೆದಳು ಅಕ್ಕ.

‘ಮಾತು ಕಳಿಸುವ ಹಾಗಿಲ್ಲ, ಗಿರಾಕಿಯ ಗುಟ್ಟು. ಬರೀ ಸದ್ದು ಕಳಿಸುತ್ತೇನೆ.’

ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕಸುಬಿನಲ್ಲಿ ಇಂಥದ್ದು ದಿನಾ ನಡೆಯುತ್ತದೆ. ಬಂದದ್ದು ಪುಟ್ಟ ತುಣುಕು. ಗೋಡೆಯಾಚೆ ದೊಡ್ಡ ಮೆಷಿನ್ನೊಂದು ಓಡುತ್ತಿರುವ ಸದ್ದು, ನಡುನಡುವೆ ಉಸಿರು ಕಟ್ಟಿದಂತೆ ಒಂದು ಸಣ್ಣ ತಡೆ, ಮತ್ತೆ ಓಟ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸಿತು. ವರ್ಷಗಟ್ಟಲೆ ತಮ್ಮ ಕೆಲಸದ ಜಾಗದಿಂದ ‘ಊಟ ಆಯ್ತಾ ಅಕ್ಕ’ ಎಂದು ಫೋನ್ ಮಾಡಿದಾಗೆಲ್ಲ ಹಿಂದೆ ಇದೇ ಸದ್ದು ಇರುತ್ತಿತ್ತು. ಕಿವಿಯಿಂದಲೇ ಅನ್ನ ತಿನ್ನುವವಳಿಗೆ ಗುರುತು ಹತ್ತಲಿಲ್ಲವೋ, ಗುರುಗಳೇ ಎಂದು ಕರೆಸಿಕೊಂಡ ಕಿವಿ ಅಷ್ಟರಲ್ಲೇ ಕಿವುಡಾಗಿತ್ತೋ, ಯಾರಿಗೆ ಗೊತ್ತು. ಕೆಳಗೆ ತಮ್ಮ ಕೆಮ್ಮುತ್ತಿದ್ದ. ಮೂರು ಹೊತ್ತೂ ಅದೇ ಚಿಂತೆಯಲ್ಲಿ ಬೆಂದಿದ್ದ ಅವಳಿಗೆ ಕೈಗೊಂದು ಕೆಲಸ ಸಿಕ್ಕಿದ್ದೇ ಹಾಯೆನಿಸಿತು. ಆ ತುಣುಕನ್ನು ಬಿಡಿಸಿ, ತಡೆಗಳನ್ನು ಹಿಂದುಮುಂದು ಮಾಡಿ, ಎಲ್ಲೂ ಒಂದೇ ಥರ ಮರುಕಳಿಸದ ಹಾಗೆ ಉದ್ದದ ಹಾಸು ನೇಯ್ದು ಕಳಿಸಿದಳು. ಅಂಥ ಚೊಕ್ಕ ಕೆಲಸವನ್ನು ಅವಳು ಆ ವರ್ಷ ಮಾಡಿರಲಿಲ್ಲ.

‘ನಿಮ್ಮ ಋಣ ತೀರಿಸಲಾರೆ ಗುರುಗಳೇ,’ ಎಂದು ಉತ್ತರ ಬಂತು. ಅವಳು ಕೂತಲ್ಲೇ ಮುಗುಳ್ನಕ್ಕಳು.

ಫ್ಯಾಕ್ಟರಿಯವರು ತೆಗೆದ ವಿಡಿಯೋ ಹೊರಗೆ ಬಂದಾಗ ಮೊದಲು ನೋಡಿದ್ದು ತಮ್ಮನ ಹೆಂಡತಿ. ಯಾರೋ ಫೋನಿಗೆ ಕಳಿಸಿದ್ದರು. ಅಡುಗೆಮನೆಯಿಂದ “ಅತ್ತಿಗೇ” ಎಂದು ಕೂಗಿದ ದನಿ ಕೇಳಿಯೇ ಅಕ್ಕ ಮೆಟ್ಟಿಲು ಹಾರಿ ಇಳಿದಳು. ಪರದೆಯ ಮೇಲೆ ತಮ್ಮ ಕುರ್ಚಿಯಲ್ಲಿ ಕೂತಿದ್ದ, ಅವಳೇ ಇಸ್ತ್ರಿ ಹಾಕಿದ ಅಂಗಿ. ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: “ವಾಲ್ವ್ ಸೋರ್ತಿದೆ ಅಂತ ನನಗೆ ಗೊತ್ತಿತ್ತು.” ಅಲ್ಲಿ ಅವನ ಕೈ ತೋರಿಸಿದರು, ಬೆರಳು ಬೆರಳಿಗೆ ಹೆಣೆದುಕೊಂಡಿದ್ದವು. “ಯಾರಿಗೂ ಹೇಳಲಿಲ್ಲ.” ಮತ್ತೆ ಅವನ ಮುಖ. ಮಾತಿನ ಕೆಳಗೆ ಒಂದೇ ಸಮನೆ, ಒಂದು ಕೂದಲೆಳೆಯಷ್ಟೂ ಎಗರದೆ, ಮೆಷಿನ್ನಿನ ಸದ್ದು ಓಡುತ್ತಿತ್ತು.

ಅಕ್ಕ ಫೋನನ್ನು ಕಿವಿಗೆ ಒತ್ತಿ ಇನ್ನೊಮ್ಮೆ ಕೇಳಿದಳು. ತಾನು ನೇಯ್ದದ್ದನ್ನು ತಾನು ಗುರುತಿಸಲಾರಳೇ? ಕೈ ತೋರಿಸಿದ ಜಾಗದಲ್ಲೇ ಹೊಲಿಗೆ ಇದೆ ಎಂದು ಅವಳಿಗೆ ಗೊತ್ತು. ಆದರೆ ಕಿವಿಗೆ ಸಿಗುತ್ತಿಲ್ಲ. ಮಹಡಿಗೆ ಓಡಿ ಕಂಪ್ಯೂಟರಿಗೆ ಹಾಕಿ, ಅಲೆಅಲೆಯಾಗಿ ಹಿಗ್ಗಿಸಿ ನೋಡಿದಳು. ಸಿಗಲಿಲ್ಲ. ಪುಟ ತೆರೆದು ಶಿಷ್ಯನನ್ನು ಹುಡುಕಿದಳು. ಖಾತೆ ಇರಲಿಲ್ಲ. ಖಾತೆ ಅಳಿಸಿದವರ ಮಾತುಕತೆಯೆಲ್ಲ ಎರಡೂ ಕಡೆಯಿಂದ ಅಳಿದುಹೋಗುವುದು ಆ ಜಾಗದ ನಿಯಮ. ನಡೆಸುವವರಿಗೆ ಬರೆದಳು, ಯಂತ್ರವೊಂದು ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ಉತ್ತರಿಸಿತು. ಪೂರ್ತಿ ಚಿತ್ರೀಕರಣ ಕೊಡಿ ಎಂದು ಫ್ಯಾಕ್ಟರಿಗೆ ಫೋನ್ ಮಾಡಿದಳು. ಜಾಗ ಸಾಲದ್ದಕ್ಕೆ ಅಳಿಸಿದ್ದೇವೆ ಮೇಡಂ ಎಂದರು. ದೇವರೇ, ತಾನು ತೋಡಿದ ಹಳ್ಳ ಅಂತಾರಲ್ಲ, ಇದು ಅದಕ್ಕಿಂತ ಕೆಟ್ಟದ್ದು. ತೋಡಿದವಳು ದಡದಲ್ಲಿ ನಿಂತಿದ್ದಾಳೆ, ಬಿದ್ದವನು ತಮ್ಮ.

ಆದರೂ ಅವಳು ಎದೆಗುಂದಲಿಲ್ಲ. ತಮ್ಮ ತನ್ನ ಬಾಯಿಂದ ನಡೆದದ್ದು ನಡೆದ ಹಾಗೆ ಹೇಳಿದರೆ ಸಾಕು, ಕೇಳುವ ಅಧಿಕಾರಿಯೂ ಮನುಷ್ಯನೇ ತಾನೆ, ಸತ್ಯದ ದನಿ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡಳು. ಅವಳಿಗೆ ಭಯ ಶುರುವಾದದ್ದು ತಮ್ಮನನ್ನು ಗಮನಿಸತೊಡಗಿದ ಮೇಲೆ.

ತಮ್ಮ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಿದ್ದ. ಬಚ್ಚಲಿಗೆ ಹೋದವನು ಹೊರಗೆ ಬರದಿದ್ದರೆ ಒಳಗಿನಿಂದ ಸಣ್ಣಗೆ ಅವನದೇ ದನಿ ಕೇಳಿಸುತ್ತಿತ್ತು. ಹೆಂಡತಿ ಫೋನ್ ಬಚ್ಚಿಟ್ಟಳು. ಅವನು ಪಕ್ಕದ ಮನೆಯವರದ್ದು ಕೇಳಿ ನೋಡಿದ. ಊಟದ ತಟ್ಟೆ ಮುಂದಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಕ್ಕನ ಬಳಿ ಬಂದು ನಿಂತ.

“ಅಕ್ಕಾ, ಒಂದ್ ಮಾತು. ನಾನು ಹೇಳಿದ್ದೆ ತಾನೆ? ಮ್ಯಾನೇಜರಿಗೆ?”

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು. “ಏನೋ ಹಂಗಂದ್ರೆ? ಆಸ್ಪತ್ರೇಲಿ ಕಣ್ಣು ಬಿಟ್ಟ ತಕ್ಷಣ ನೀನೇ ಅಂದ್ಯಲ್ಲೋ!”

“ಅಂದೆ. ಆದ್ರೆ ಆಗ ತಲೆ ಸರಿ ಇರ್ಲಿಲ್ಲ ಅಲ್ವಾ? ಆವತ್ತು ಬೆಳಿಗ್ಗೆದು ಮಸುಕಾಗಿರುತ್ತೆ ಅಂತ ಡಾಕ್ಟ್ರೂ ಹೇಳಿದ್ರು. ಹೇಳ್ಬೇಕು ಅಂದ್ಕೊಂಡು ಹೊರಟಿದ್ದು ನೆನಪಿದೆ. ಹೇಳಿದ್ದು… ವಿಡಿಯೋದಲ್ಲಿ ಇರೋನು ನಾನೇ ಅಲ್ವಾ ಅಕ್ಕ. ಮುಖ ನಂದೇ, ದನಿ ನಂದೇ. ಅವನು ಸುಳ್ಳು ಹೇಳ್ತಿರೋ ಹಾಗೆ ಕಾಣಲ್ಲ.”

“ಅದು ಹೊಲಿದಿದ್ದು ಕಣೋ! ನಿನ್ನ ಎದೆ ಉರೀತಿದ್ದಿದ್ದು ಯಾರಿಗೂ ಹೇಳಲಿಲ್ಲ ಅಂದಿರ್ತೀಯ, ಅದನ್ನ ತಂದು ಇಲ್ಲಿ ಅಂಟ್ಸಿದಾರೆ.”

“ಇರ್ಬಹುದು,” ಎಂದ ತಮ್ಮ. ಅವಳಿಗೆ ಬೇಜಾರಾಗಬಾರದು ಎಂದು ಹೇಳಿದ ದನಿ ಅದು. “ಉದ್ದಣ್ಣ ಇದ್ದಿದ್ರೆ ಕೇಳ್ಬಹುದಿತ್ತು.”

ಅಕ್ಕನಿಗೆ ಅಂದು ಅನ್ನ ಸೇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಕಂಡವರಿಗೆ. ತನ್ನನ್ನೇ ತಾನು ಕಂಡವನು ಯಾವುದಕ್ಕೆ ಹಿಡಿದು ಪ್ರಮಾಣಿಸಬೇಕು? ವಿಚಾರಣೆ ಹತ್ತಿರ ಬರುತ್ತಿತ್ತು. ಬಾಯಲ್ಲಿ ಹೇಳಿದರೆ ಇವನು ನಂಬುವುದಿಲ್ಲ, ಕಣ್ಣೆದುರು ಮಾಡಿ ತೋರಿಸಬೇಕು ಎಂದು ತೀರ್ಮಾನಿಸಿದಳು. ಇಡೀ ಬದುಕು ಹಾಗೇ ಕಲಿತವಳು, ಹಾಗೇ ಕಲಿಸಿದವಳು. ಬೇರೆ ದಾರಿ ಅವಳಿಗೆ ಹೊಳೆಯಲೂ ಇಲ್ಲ. ಬಡಗಿಯನ್ನು ಕೇಳಿದರೆ ಎಲ್ಲಕ್ಕೂ ಮೊಳೆಯೇ ಮದ್ದು ಅಂದಾನು.

ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮ ವರ್ಷಗಳಿಂದ ಅವಳ ಫೋನಿಗೆ ಕಳಿಸಿದ್ದ ದನಿ ಸಂದೇಶಗಳು ಒಂದೂ ಅಳಿದಿರಲಿಲ್ಲ. ‘ಅಕ್ಕಾ, ಬಚ್ಚಲಲ್ಲಿ ನಲ್ಲಿ ಸೋರ್ತಿದೆ.’ ‘ನಾಳೆ ಬರಲ್ಲ ಅಂತ ಮ್ಯಾನೇಜರಿಗೆ ಹೇಳಿದೀನಿ.’ ವಾಲ್ವ್ ಎನ್ನುವ ಪದವನ್ನು ಫ್ಯಾಕ್ಟರಿಯವರ ವಿಡಿಯೋದಿಂದಲೇ ಕಿತ್ತುಕೊಂಡಳು. ಕೆಳಗೆ ಹಾಸಲು ಮೆಷಿನ್ನಿನ ಸದ್ದು ಅವಳ ಬಳಿ ಇದ್ದೇ ಇತ್ತು. ಕೆಲಸ ಎಲ್ಲೂ ತಪ್ಪಲಿಲ್ಲ. ಸುಮ್ಮನೆ ಒರಟಾಗಿ ಅಂಟಿಸಿ ತೋರಿಸಿದ್ದರೆ ಸಾಕಿತ್ತು. ಒರಟು ಕೆಲಸ ಅವಳ ಕೈಗೆ ಬರುತ್ತಿರಲಿಲ್ಲ, ಅದೇ ಅವಳ ಶಾಪ. ಪದಗಳ ನಡುವೆ ಅವನ ಉಸಿರು ಕೂರಿಸಿದಳು. ಪದ ಮುಗಿದ ಮೇಲೆ ಅವನು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಇತ್ತಲ್ಲ, ಅದನ್ನೂ ಇಟ್ಟಳು.

ಮಧ್ಯಾಹ್ನ ತಮ್ಮನನ್ನು ಮೇಲೆ ಕರೆದು ಕುರ್ಚಿಯಲ್ಲಿ ಕೂರಿಸಿದಳು. ಅವನ ಹೆಂಡತಿಯೂ ಬಾಗಿಲಲ್ಲಿ ನಿಂತಳು. “ಬರೀ ಕೇಳು,” ಎಂದು ಗುಂಡಿ ಒತ್ತಿದಳು.

ಕೋಣೆಯಲ್ಲಿ ಮೆಷಿನ್ ಓಡತೊಡಗಿತು. ಅದರ ನಡುವಿನಿಂದ ತಮ್ಮನ ದನಿ ಬಂತು, ದಣಿದ, ಅವಸರದ, ಕೆಲಸದ ನಡುವಿನ ದನಿ: “ವಾಲ್ವ್ ಸೋರ್ತಿದೆ ಅಂತ ಮ್ಯಾನೇಜರಿಗೆ ಹೇಳಿದೀನಿ.”

ತಮ್ಮ ಎದ್ದು ನಿಂತ. ಮುಖ ಬೆಳಗಿಬಿಟ್ಟಿತು. ಉದ್ದಣ್ಣ ಸತ್ತ ಮೇಲೆ ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಕಂಡಿರಲಿಲ್ಲ.

“ಇದೇ! ಇದೇ ಅಕ್ಕಾ! ಅಯ್ಯೋ, ಇದೇ ನಾನು ಹೇಳಿದ್ದು! ಎಲ್ಲಿ ಸಿಕ್ತೇ ಇದು? ಯಾರು ರೆಕಾರ್ಡ್ ಮಾಡಿದ್ರು?” ಅವನು ಹೆಂಡತಿಯ ಕಡೆ ತಿರುಗಿದ. “ಕೇಳಿದ್ಯಾ? ಹೇಳಿದ್ದೆ ಕಣೇ! ನಾನು ಹೇಳಿದ್ದೆ!” ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೆಂಡತಿಯೂ ಬಾಯಿಗೆ ಸೆರಗು ಒತ್ತಿಕೊಂಡಳು.

ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅಕ್ಕನಿಗೆ ಅನಿಸಿತು, ಅದೂ ನಿಜ. ಸುಮ್ಮನಿದ್ದಿದ್ದರೆ ಇವನು ವಿಚಾರಣೆಯಲ್ಲಿ ಆ ರೆಕಾರ್ಡ್ ಇದೆ ಸಾರ್, ನಮ್ಮಕ್ಕನ ಹತ್ತಿರ ಇದೆ ಎನ್ನುತ್ತಿದ್ದ. ಅವರು ತರಿಸುತ್ತಿದ್ದರು. ಆಮೇಲೆ ಇಬ್ಬರಿಗೂ ಬಾಯಿ ಇರುತ್ತಿರಲಿಲ್ಲ.

“ಸಿಕ್ಕಿದ್ದಲ್ಲಪ್ಪ,” ಎಂದಳು. “ನಾನು ಮಾಡಿದ್ದು. ಈಗ, ಊಟ ಆದ್ಮೇಲೆ. ನಲ್ಲಿ ಸೋರ್ತಿದೆ ಅಂತ ಕಳ್ಸಿದ್ದೆಯಲ್ಲ, ಅದರಿಂದ. ಇಷ್ಟು ಸುಲಭ ಅಂತ ತೋರಿಸೋಕೆ ಮಾಡ್ದೆ. ಅವರೂ ಹಿಂಗೇ ಮಾಡಿದ್ದು.”

ತಮ್ಮನ ಬಾಯಿ ಅರ್ಧ ತೆರೆದೇ ಇತ್ತು. ಮುಖದ ಬೆಳಕು ಒಮ್ಮೆಲೇ ಆರಲಿಲ್ಲ, ಇಷ್ಟಿಷ್ಟೇ ಆರಿತು. ಅವಳು ಕೂತು ಅದಷ್ಟನ್ನೂ ನೋಡಬೇಕಾಯಿತು.

“ಮಾಡಿದ್ದಾ?” ಎಂದ.

“ಹೂಂ.”

“ಆದ್ರೆ ನನಗೆ… ಇದನ್ನ ಕೇಳಿದ ತಕ್ಷಣ ನೆನಪಾಯ್ತಲ್ಲ ಅಕ್ಕ. ನಿಂತಿದ್ದ ಜಾಗ ಕೂಡ ಕಣ್ಮುಂದೆ ಬಂತು. ಮ್ಯಾನೇಜರು ಪೆನ್ನಿನಿಂದ ಕಿವಿ ಕೆರ್ಕೊಂಡಿದ್ದು ಬಂತು.” ಅವನು ನಿಧಾನವಾಗಿ ಕೂತ. “ಅದೂ ಹಂಗಾದ್ರೆ ನೀನು ಮಾಡಿದ್ದೇನಾ?”

“ಅಲ್ಲ ಕಣೋ, ಅದು ನಿನ್ನದು! ಅದು ನಿಜವಾಗಿ ನಡೆದಿದ್ದು!”

“ಹೆಂಗೆ ಗೊತ್ತಾಗುತ್ತೆ?” ಎಂದು ಕೇಳಿದ ತಮ್ಮ. ಜಗಳಕ್ಕೆ ಕೇಳಿದ್ದಲ್ಲ. ಪಾಠದ ಮುಂದೆ ಕೂತ ಶಿಷ್ಯನ ಹಾಗೆ, ತಿಳಿದುಕೊಳ್ಳಬೇಕು ಎಂದೇ ಕೇಳಿದ್ದ. ಯಾವ ಪ್ರಶ್ನೆಗೂ ಉತ್ತರ ಕೊಡದೆ ಬಿಡದವಳಿಗೆ ಉತ್ತರ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತು ಹೀಗೂ ಹೋಗಬಹುದು ಎಂದು ಆ ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ. ಮರುದಿನದಿಂದ ತಮ್ಮ ವಿಡಿಯೋ ನೋಡುವುದನ್ನು ಬಿಟ್ಟ. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ. ಸದ್ಯ ಸಮಾಧಾನವಾಯಿತು ಎಂದುಕೊಂಡಳು ಅವನ ಹೆಂಡತಿ. ಅಕ್ಕನಿಗೆ ಮಾತ್ರ ಆ ಸಮಾಧಾನ ಕಂಡರೆ ಭಯವಾಗುತ್ತಿತ್ತು. ಮಹಡಿ ಮೆಟ್ಟಿಲ ಕಡೆ ಅವನು ತಲೆಯೆತ್ತಿ ಕೂಡ ನೋಡುತ್ತಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಓಡದ ಒಂದು ಗಡಿಯಾರ. ಅಧಿಕಾರಿ ಕನ್ನಡಕ ಹಣೆಗೇರಿಸಿಕೊಂಡಿದ್ದ ವಯಸ್ಸಾದವರು, ಕೆಟ್ಟವರೇನೂ ಅಲ್ಲ. ಒಂದು ಕಡೆ ಮ್ಯಾನೇಜರು, ಪಕ್ಕದಲ್ಲಿ ಫ್ಯಾಕ್ಟರಿಯ ವಕೀಲರು. ಮೂಲೆಯಲ್ಲಿ ಟೈಪ್ ಮಾಡುವ ಹೆಂಗಸು. ಮೊದಲು ಅಕ್ಕನಿಗೆ ಮಾತಾಡಲು ಬಿಟ್ಟರು. ಅವಳು ವಿಡಿಯೋ ಹಾಕಿಸಿ ಕೈ ತೋರಿಸಿದ ಜಾಗದಲ್ಲಿ ನಿಲ್ಲಿಸಿದಳು.

“ಇಲ್ಲಿ ಕತ್ತರಿಸಿದಾರೆ ಸಾರ್.”

“ಎಲ್ಲಿಮ್ಮ? ನನಗೇನೂ ಕೇಳಿಸ್ಲಿಲ್ವಲ್ಲ.”

“ಕೇಳ್ಸಲ್ಲ ಸಾರ್. ಕೆಳಗಿರೋ ಮೆಷಿನ್ ಸದ್ದು ನಾನು ಮಾಡ್ಕೊಟ್ಟಿದ್ದು. ಯಾರಿಗೆ ಅಂತ ಗೊತ್ತಿಲ್ದೆ ಮಾಡ್ಕೊಟ್ಟೆ.”

“ಅಂದ್ರೆ ಈ ವಿಡಿಯೋ ಮಾಡಿದ್ದು ನೀವೇ ಅಂತೀರಾ?”

“ಸದ್ದು ಮಾತ್ರ ಸಾರ್. ನನ್ನ ಹತ್ರ ಇದೆ, ತಂದಿದೀನಿ.”

ವಕೀಲರು ಮೆಲ್ಲಗೆ ಎದ್ದರು. “ವಿಡಿಯೋ ಹೊರಗೆ ಬಂದ ಮೇಲೆ ಅದರಿಂದಲೇ ಆ ಸದ್ದು ತಗೊಂಡು ಫೈಲಿನ ತಾರೀಖು ಬದಲಾಯಿಸಿರಬಹುದಲ್ವಾ ಮೇಡಂ? ಇಂಥ ಕೆಲಸ ಹೇಗೆ ಮಾಡೋದು ಅಂತ ಊರಿಗೆಲ್ಲ ಪಾಠ ಹೇಳೋರು ನೀವೇ ಅಲ್ವಾ?” ಮಾತು ಮರ್ಯಾದೆಯಿಂದಲೇ ಇತ್ತು. ಅಧಿಕಾರಿ ಅವಳಿಗೆ ಕೂರಲು ಹೇಳಿದರು.

ಆಮೇಲೆ ತಮ್ಮನನ್ನು ಕರೆದರು. ಅವನು ಅಂಗಿಯ ತೋಳು ಎಳೆದುಕೊಂಡು ಮೇಜಿನ ಮುಂದೆ ನಿಂತ.

“ನೋಡಪ್ಪ,” ಎಂದರು ಅಧಿಕಾರಿ, “ವಿಡಿಯೋ ಪಕ್ಕಕ್ಕಿರಲಿ. ನಿಮ್ಮಕ್ಕ ಹೇಳಿದ್ದೂ ಪಕ್ಕಕ್ಕಿರಲಿ. ನೀನು ನಿನ್ನ ಬಾಯಿಂದ ಹೇಳು. ವಾಲ್ವ್ ಸೋರ್ತಿದೆ ಅಂತ ಮ್ಯಾನೇಜರಿಗೆ ಹೇಳಿದ್ಯಾ, ಇಲ್ವಾ? ಹೇಳಿದ್ದೆ ಅಂದ್ರೆ ಹಾಗಂತಲೇ ಬರ್ಕೋತೀನಿ.”

ಅಕ್ಕನ ಜೀವವೆಲ್ಲ ಕಿವಿಗೆ ಬಂದು ನಿಂತಿತು. ಬಾಗಿಲು ತೆರೆದೇ ಇದೆ, ಅವನು ಒಂದು ಹೆಜ್ಜೆ ಇಟ್ಟರೆ ಸಾಕು. ಮ್ಯಾನೇಜರು ಮೇಜಿನ ಮೇಲೆ ಕಣ್ಣಿಟ್ಟಿದ್ದ, ಅವನ ಕತ್ತಿನಲ್ಲಿ ಬೆವರು ಮೂಡಿತ್ತು.

ತಮ್ಮ ಪ್ರಾಮಾಣಿಕವಾಗಿ ಉತ್ತರ ಕೊಟ್ಟ, ಅವನಿಗೆ ಬೇರೆ ಥರ ಬರುತ್ತಲೇ ಇರಲಿಲ್ಲ.

“ಆ ಮಾತು ನನ್ನ ಕಿವೀಲಿದೆ ಸಾರ್. ಚೆನ್ನಾಗಿ ಇದೆ. ಆದ್ರೆ ಅದು ನಮ್ಮಕ್ಕ ಮಾಡಿದ್ದು.”

ಟೈಪ್ ಮಾಡುವ ಸದ್ದು ಒಂದಿಷ್ಟು ಓಡಿ ನಿಂತಿತು. ಅಕ್ಕ ಎದ್ದು ನಿಂತಿದ್ದಳು. “ಅವನು ಹೇಳಿದ್ದ ಸಾರ್! ಖಂಡಿತಾ ಹೇಳಿದ್ದ!” ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

“ನೀವು ಅಲ್ಲಿದ್ರಾಮ್ಮ?” ಎಂದು ಅಧಿಕಾರಿ ಕೇಳಿದರು. ಆಮೇಲೆ ಕನ್ನಡಕ ಕಣ್ಣಿಗೆ ಇಳಿಸಿಕೊಂಡು ಟೈಪಿನವಳ ಕಡೆ ತಿರುಗಿ, ಹೇಳಿದ್ದಕ್ಕೆ ಸಾಕ್ಷಿಯಿಲ್ಲ ಎಂದು ಬರೆಸಿದರು.

ಹೊರಗೆ ಬರುವಾಗ ಇಬ್ಬರು ಪೊಲೀಸರು ತಮ್ಮನ ಅಕ್ಕಪಕ್ಕ ನಡೆದರು. ಕೈ ಹಿಡಿದಿರಲಿಲ್ಲ, ಹಿಡಿಯಬೇಕಾದ ಮನುಷ್ಯನಲ್ಲ ಎಂದು ಅವರಿಗೂ ಕಂಡಿರಬೇಕು. ಅವನ ಹೆಂಡತಿ ಗೋಡೆಗೆ ಒರಗಿ ಅಳುತ್ತಿದ್ದಳು. ಜೀಪು ಹತ್ತುವ ಮೊದಲು ತಮ್ಮ ನಿಂತು, ಅಕ್ಕನ ಮುಖ ಹುಡುಕಿ, ಶಾಲೆಯ ಪರೀಕ್ಷೆ ಮುಗಿಸಿ ಬಂದಾಗ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದ:

“ಅಕ್ಕಾ, ಸರಿಯಾಗಿ ಹೇಳಿದ್ನಾ?”

“ಹೂಂ ಕಣಪ್ಪ,” ಎಂದಳು ಅಕ್ಕ. “ಸರಿಯಾಗೇ ಹೇಳ್ದೆ.”